ಹಾಲಿಗೆ ಊರಲ್ಲೇ ಪರೀಕ್ಷೆ, ರಕ್ತಕ್ಕೆ ಶಿವಮೊಗ್ಗದ ದಾರಿ!

ಮಲೆನಾಡಿನ ಹಾಲು ಉತ್ಪಾದಕರ ಸಂಘಗಳಲ್ಲಿ ಬೆಳಗಿನ ಹೊತ್ತು ನಡೆಯುವ ಕೆಲಸವನ್ನು ಎಲ್ಲರೂ ಬಲ್ಲರು. ರೈತ ತಂದ ಹಾಲಿನಿಂದ ಒಂದಿಷ್ಟನ್ನು ಎತ್ತಿ ಪುಟ್ಟ ಯಂತ್ರಕ್ಕೆ ಕೊಡಲಾಗುತ್ತದೆ. ಕೊಬ್ಬಿನಂಶವೆಷ್ಟೆಂಬುದು ಕ್ಷಣಾರ್ಧದಲ್ಲಿ ಕಾಣುತ್ತದೆ, ದರ ನಿಗದಿಯಾಗುತ್ತದೆ. ಲೀಟರಿಗೆ ಒಂದೆರಡು ರೂಪಾಯಿಯ ವ್ಯತ್ಯಾಸವನ್ನು ತೀರ್ಮಾನಿಸಲು ಹಾಲನ್ನು ಯಾರೂ ಜಿಲ್ಲಾ ಕೇಂದ್ರಕ್ಕೆ ಕಳುಹಿಸುವುದಿಲ್ಲ. ಕಳುಹಿಸಿದರೆ ಹಾಲು ಕೆಡುತ್ತದೆ, ಲೆಕ್ಕ ತಪ್ಪುತ್ತದೆ, ರೈತ ಸುಮ್ಮನಿರುವುದಿಲ್ಲ.

ಆದರೆ ಅದೇ ರೈತನ ಮನೆಯಲ್ಲಿ ಮಾಘ ಮಾಸದ ಒಂದು ದಿನ ಯಾರಿಗಾದರೂ ಮೈ ಸುಡುವ ಜ್ವರ, ಸೊಂಟ ಮುರಿಯುವ ನೋವು, ಕೆಂಗಣ್ಣು ಕಾಣಿಸಿಕೊಂಡರೆ? ಆಗ ತೋಳಿನಿಂದ ತೆಗೆದ ನಾಲ್ಕೈದು ಮಿಲಿಲೀಟರ್ ರಕ್ತ ಸಾಗರಕ್ಕೂ, ಅಲ್ಲಿಂದ 70 ಕಿಲೋಮೀಟರಿಗೂ ಹೆಚ್ಚು ದೂರದ ಶಿವಮೊಗ್ಗದ ವೈರಾಣು ಪತ್ತೆ ಪ್ರಯೋಗಾಲಯಕ್ಕೂ ಪ್ರಯಾಣ ಮಾಡಬೇಕು. ಹಾಲಿಗೆ ದೊರೆತ ಮರ್ಯಾದೆ ರಕ್ತಕ್ಕೆ ದೊರೆತಿಲ್ಲ!

ಶರಾವತಿ ಹಿನ್ನೀರಿನ ಆಚೆಗಿರುವ ಬ್ಯಾಕೋಡು, ತುಮರಿ ಸೀಮೆಯ ಜನರಿಗೆ ಕಾಯುವುದು ಹೊಸದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಕರೂರು, ಬಾರಂಗಿ ಹೋಬಳಿಗಳ ಊರುಗಳು ಮುಳುಗಿದವು. ಉಳಿದ ಊರುಗಳು ನಡುಗಡ್ಡೆಯಂತಾದವು. ನಾಡಿಗೆ ಬೆಳಕು ಕೊಟ್ಟವರು ಆರು ದಶಕಗಳ ಕಾಲ ಲಾಂಚಿನ ವೇಳಾಪಟ್ಟಿಗೆ ತಮ್ಮ ಬಾಣಂತನ, ಹಾವಿನ ಕಡಿತ, ಹೃದಯದ ನೋವುಗಳನ್ನು ಹೊಂದಿಸಿಕೊಂಡು ಬದುಕಿದರು. ಸಂಜೆಯ ಕೊನೆಯ ಲಾಂಚು ಹೋದ ಮೇಲೆ ರೋಗ ಬರಕೂಡದು ಎಂಬುದು ಅಲ್ಲಿಯ ಅಲಿಖಿತ ಕಾನೂನಾಗಿತ್ತು. 2025ರ ಜುಲೈ ತಿಂಗಳಿನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ತೆರೆದುಕೊಂಡಿತು. ಸಂತೋಷವೇ. ಆದರೆ ಸೇತುವೆಯಿಂದ ರೋಗಿ ಬೇಗ ದಾಟಬಹುದೇ ಹೊರತು, ರೋಗ ಯಾವುದೆಂದು ಬೇಗ ತಿಳಿಯುವುದಿಲ್ಲ. ನೂರಾರು ಕೋಟಿಯ ಕಾಂಕ್ರೀಟಿಗೆ ದೊರೆತ ಗಮನದಲ್ಲಿ ಒಂದು ಪಾಲು ಮೇಜಿನ ಮೇಲೆ ಇಡಬಹುದಾದ ಯಂತ್ರವೊಂದಕ್ಕೂ ದೊರೆಯಬೇಕು. ವಿವಾದ ಇರುವುದು ಇಲ್ಲಿ.

ಮಲೆನಾಡಿನ ಹೆಸರು ಹೊತ್ತ ರೋಗ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತಾಗ ಈ ರೋಗ ಜಗತ್ತಿಗೆ ಪರಿಚಯವಾಯಿತು. ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ 1952ರಲ್ಲಿ ಪುಣೆಯಲ್ಲಿ ಆರಂಭವಾಗಿದ್ದ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇಲ್ಲಿಗೆ ಬಂದರು. ವೈರಾಣುವನ್ನು ಬೇರ್ಪಡಿಸಿದರು. ಉಣುಗುಗಳೇ ವಾಹಕವೆಂದು ತೋರಿಸಿದರು. ಸಾಗರದಲ್ಲಿಯೇ ಕ್ಷೇತ್ರ ಕೇಂದ್ರವನ್ನು ಇಟ್ಟುಕೊಂಡು ವರ್ಷಗಟ್ಟಲೆ ಕೆಲಸ ಮಾಡಿದರು. ಅಂದರೆ ಇಂದಿಗಿಂತ ರಸ್ತೆ, ವಿದ್ಯುತ್ತು, ದೂರವಾಣಿ ಎಲ್ಲವೂ ಕಡಿಮೆಯಿದ್ದ ಕಾಲದಲ್ಲಿ ವಿಜ್ಞಾನವು ರೋಗಿಯ ಊರಿನ ಸಮೀಪಕ್ಕೆ ಬಂದಿತ್ತು. ಅನುಕೂಲಗಳು ಹೆಚ್ಚಿದಂತೆ ವಿಜ್ಞಾನ ನಗರಕ್ಕೆ ಹಿಂದಿರುಗಿದ್ದು ಈ ಕಾಲದ ವಿಪರ್ಯಾಸ.

ರೋಗ ಮಾತ್ರ ಹಿಂದಿರುಗಲಿಲ್ಲ. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಸುತ್ತ, ಗೇರು ತೋಪಿಗಾಗಿ ಕಾಡನ್ನು ಬೋಳಿಸಿದ ಬೆನ್ನಿಗೇ, 1,500ಕ್ಕೂ ಹೆಚ್ಚು ಜನರು ರೋಗಕ್ಕೆ ತುತ್ತಾದರು, ಸತ್ತವರು 150ರಷ್ಟು. 2012ರ ನಂತರ ರೋಗವು ಬಂಡೀಪುರ, ನೀಲಗಿರಿ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿಯೂ ಕಾಣಿಸಿಕೊಂಡಿತು. 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸೀಮೆ ಅನುಭವಿಸಿದ್ದನ್ನು ಮಲೆನಾಡು ಮರೆತಿಲ್ಲ. ಮನೆಮನೆಯಲ್ಲಿ ಜ್ವರ, ಮಣಿಪಾಲಕ್ಕೆ ಓಡುವ ವಾಹನಗಳು, ಒಂದರ ಹಿಂದೊಂದು ಸಾವು. 2024ರ ಜನವರಿಯಲ್ಲಿ ಹೊಸನಗರ ತಾಲ್ಲೂಕಿನ ಎಳೆಯ ಜೀವವೊಂದು ಹೋಯಿತು.

ಇನ್ನು ಲಸಿಕೆ. ದಶಕಗಳಿಂದ ಕೊಡುತ್ತಿದ್ದ ಹಳೆಯ ಲಸಿಕೆ ನಿರೀಕ್ಷಿಸಿದಷ್ಟು ರಕ್ಷಣೆ ನೀಡುತ್ತಿಲ್ಲವೆಂಬುದು ಸ್ಪಷ್ಟವಾಗಿ, 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ಹೊಸ ಲಸಿಕೆಯ ಯತ್ನದಲ್ಲಿ ತೊಡಗಿವೆ. ಅದು ಬರುವಾಗ ಬರಲಿ. ವೈರಾಣುವನ್ನು ನೇರವಾಗಿ ಕೊಲ್ಲುವ ಔಷಧವೂ ಇಲ್ಲ. ಹೀಗಿರುವಾಗ ಮಲೆನಾಡಿಗನ ಕೈಯಲ್ಲಿ ಉಳಿದಿರುವ ಆಯುಧಗಳು ಎರಡೇ: ಉಣುಗು ಕಚ್ಚದಂತೆ ನೋಡಿಕೊಳ್ಳುವುದು, ಕಚ್ಚಿದ ಮೇಲೆ ಬೇಗ ಪತ್ತೆ ಹಚ್ಚುವುದು. ಎರಡನೆಯದನ್ನು ಶಿವಮೊಗ್ಗದಲ್ಲಿ ಬೀಗ ಹಾಕಿ ಇಟ್ಟರೆ ಅದು ಆಯುಧವಾದೀತೇ?

ಹದ ಮಾಡದ ನೆಲದಲ್ಲಿ ಬೀಜ ಮೊಳೆಯದು

ಪರೀಕ್ಷೆಯೆಂದರೆ ಕೊನೆಯ ಫಲಿತಾಂಶವಷ್ಟೇ ಎಂದು ತಿಳಿಯುವುದು ಸಾಮಾನ್ಯರ ತಪ್ಪಲ್ಲ; ಆಡಳಿತವೂ ಹಾಗೆಯೇ ತಿಳಿದಿದೆ. ಮಣ್ಣು ಪರೀಕ್ಷೆ ಮಾಡಿಸಿದ ಪ್ರತಿ ಕೃಷಿಕನಿಗೂ ಸತ್ಯ ಗೊತ್ತು. ಗೊಬ್ಬರದ ಗುಂಡಿಯ ಪಕ್ಕದ ಮಣ್ಣನ್ನು ಕೆದಕಿ ತಂದು, ನೆರಳಿನಲ್ಲಿ ಒಣಗಿಸದೆ, ಜರಡಿ ಹಿಡಿಯದೆ ಕೊಟ್ಟರೆ ಎಂತಹ ಪ್ರಯೋಗಾಲಯವೂ ಸುಳ್ಳನ್ನೇ ಹೇಳುತ್ತದೆ. ರಕ್ತದ ವಿಷಯದಲ್ಲಿ ಈ ಮಾತು ನೂರ್ಮಡಿ ನಿಜ.

ಮಂಗನ ಕಾಯಿಲೆಯ ವೈರಾಣುವಿನ ವಂಶವಾಹಿ ಆರ್‌ಎನ್‌ಎ. ಅದು ಅತಿ ಸೂಕ್ಷ್ಮ, ಬೇಗನೆ ಚೂರಾಗುವಂಥದು. ರಕ್ತದಲ್ಲಿಯೇ ಅದನ್ನು ಕತ್ತರಿಸುವ ಕಿಣ್ವಗಳಿವೆ. ರಕ್ತಕ್ಕೆ ಕೆಂಪು ಕೊಡುವ ಹಿಮೋಗ್ಲೋಬಿನ್ ಪಿಸಿಆರ್ ಕ್ರಿಯೆಗೇ ಅಡ್ಡಿ. ಹಾಗಾಗಿ ಪರೀಕ್ಷೆಗೆ ಮುನ್ನ ಮೂರು ಕೆಲಸ ಆಗಬೇಕು: ವೈರಾಣುವಿನ ಕವಚವನ್ನು ರಾಸಾಯನಿಕದಿಂದ ಒಡೆಯುವುದು, ಹೊರಬಂದ ಆರ್‌ಎನ್‌ಎಯನ್ನು ಒಂದು ಆಸರೆಯ ಮೇಲೆ ಹಿಡಿದಿಟ್ಟು ಬೇರೆಲ್ಲವನ್ನೂ ತೊಳೆಯುವುದು, ಕೊನೆಗೆ ಅದನ್ನು ಶುದ್ಧ ದ್ರಾವಣದಲ್ಲಿ ಬಿಡಿಸಿಕೊಳ್ಳುವುದು. ನಗರದ ಪ್ರಯೋಗಾಲಯದಲ್ಲಿ ಈ ಕೆಲಸಕ್ಕೆ ಸುರಕ್ಷಾ ಕವಾಟ, ಸೆಂಟ್ರಿಫ್ಯೂಜ್, ಶೀತಲ ಪೆಟ್ಟಿಗೆ, ಹಲವು ಪಿಪೆಟ್ಟುಗಳು, ನುರಿತ ಕೈ ಇಷ್ಟೂ ಬೇಕು. ರಕ್ತ ದೂರಕ್ಕೆ ಹೋಗಬೇಕಾದ ನಿಜವಾದ ಕಾರಣ ಇದು. ಕಷ್ಟ ಇರುವುದು ಪರೀಕ್ಷೆಗಿಂತ ಮಾದರಿಯ ಹದದಲ್ಲಿ.

ಆ ಹದ ಮಾಡುವ ಕೆಲಸವನ್ನೇ ಒಂದು ಪುಟ್ಟ ಪೆಟ್ಟಿಗೆಯೊಳಗೆ ಇಳಿಸಿದ್ದು ಬೇರೆಲ್ಲೋ ಅಲ್ಲ, ಕರ್ನಾಟಕದಲ್ಲಿ. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯ ಚಂದ್ರಶೇಖರ ನಾಯರ್ ಅವರ ನೇತೃತ್ವದಲ್ಲಿ ವರ್ಷಗಟ್ಟಲೆ ದುಡಿದು, ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ನೆರವನ್ನೂ ಪಡೆದು ಈ ಯಂತ್ರವನ್ನು ರೂಪಿಸಿತು. ಗೋವಾದ ಮೋಲ್ಬಯೋ ಸಂಸ್ಥೆ ಅದನ್ನು ಟ್ರೂನ್ಯಾಟ್ ಹೆಸರಿನಲ್ಲಿ ತಯಾರಿಸುತ್ತದೆ. ಇದರಲ್ಲಿ ಎರಡು ಭಾಗ. ಟ್ರೂಪ್ರೆಪ್ ಎಂಬ ಮೊದಲನೆಯದು ಮಾದರಿಯನ್ನು ಹದ ಮಾಡುತ್ತದೆ. ಒಡೆಯುವ ದ್ರಾವಣದಲ್ಲಿ ಬೆರೆಸಿದ ರಕ್ತಸಾರವನ್ನು ಒಂದು ಮುಚ್ಚಿದ ಕಾರ್ಟ್ರಿಜ್‌ಗೆ ಹಾಕಿದರೆ, ಹಿಡಿಯುವುದು, ತೊಳೆಯುವುದು, ಬಿಡಿಸುವುದು ಎಲ್ಲವೂ ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಅದರೊಳಗೇ ಮುಗಿಯುತ್ತವೆ. ಎರಡನೆಯದು ಉಗುರಿನಗಲದ ಚಿಪ್ಪಿನ ಮೇಲೆ ಪಿಸಿಆರ್ ನಡೆಸುತ್ತದೆ. ಎಲ್ಲ ಸೇರಿ ಒಂದು ಗಂಟೆಯ ಆಸುಪಾಸು. ಎರಡೂ ಬ್ಯಾಟರಿಯಿಂದ ನಡೆಯಬಲ್ಲವು. ಚಿಪ್ಪನ್ನು ಹಿಮದ ಪೆಟ್ಟಿಗೆಯಲ್ಲಿಡಬೇಕಿಲ್ಲ, ಕೋಣೆಯ ಉಷ್ಣತೆ ಸಾಕು.

ಕ್ಷಯರೋಗದ ಆರಂಭಿಕ ಪತ್ತೆಗೆ ಇದನ್ನು ಬಳಸಬಹುದೆಂದು 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಶಿಫಾರಸು ಮಾಡಿತು. ಅದೇ ವರ್ಷ ಕೋವಿಡ್ ಬಂದಾಗ ಈ ಯಂತ್ರಗಳು ಜಿಲ್ಲಾ ಕೇಂದ್ರದಿಂದ ಕೆಳಗಿನ ಆಸ್ಪತ್ರೆಗಳಿಗೂ ಹೋದವು. ಮಂಗನ ಕಾಯಿಲೆಗೂ ಇದೇ ಯಂತ್ರದಲ್ಲಿ ಓಡುವ ಚಿಪ್ಪನ್ನು ರೂಪಿಸಲಾಗಿದೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದನ್ನು ಮನುಷ್ಯರ ಮಾದರಿಗಳಲ್ಲಷ್ಟೇ ಅಲ್ಲದೆ ಮಂಗಗಳ ಮತ್ತು ಉಣುಗುಗಳ ಮಾದರಿಗಳಲ್ಲಿಯೂ ಪರೀಕ್ಷಿಸಿ ನೋಡಿದೆ. ರೋಗ ಮಲೆನಾಡಿನದು, ವಿದ್ಯೆ ಬೆಂಗಳೂರಿನದು. ಇವೆರಡನ್ನು ಕೂಡಿಸುವ ಇಚ್ಛೆ ಮಾತ್ರ ಎಲ್ಲಿಯದೂ ಅಲ್ಲ!

ಆಕ್ಷೇಪಗಳೂ ಉತ್ತರಗಳೂ

ಈ ಬೇಡಿಕೆ ಎದ್ದಾಗಲೆಲ್ಲ ಕೇಳಿಬರುವ ಮೊದಲ ಮಾತು ಸುರಕ್ಷತೆಯದು. ಇದು ಅತ್ಯಂತ ಅಪಾಯಕಾರಿ ವರ್ಗದ ವೈರಾಣು, ಹಳ್ಳಿಯ ಆಸ್ಪತ್ರೆಯಲ್ಲಿ ಮುಟ್ಟಬಾರದು ಎನ್ನುತ್ತಾರೆ. ಅರ್ಧ ಸತ್ಯ. ವೈರಾಣುವನ್ನು ಬೆಳೆಸುವುದಕ್ಕೆ ಅತ್ಯುನ್ನತ ಸುರಕ್ಷೆಯ ಪ್ರಯೋಗಾಲಯ ಬೇಕೆಂಬುದು ನಿಜ. ಆದರೆ ಇಲ್ಲಿ ಯಾರೂ ವೈರಾಣುವನ್ನು ಬೆಳೆಸುವುದಿಲ್ಲ, ಒಡೆಯುತ್ತಾರೆ. ಒಡೆಯುವ ದ್ರಾವಣ ಬೆರೆತು ನಿಗದಿತ ಸಮಯ ಕಳೆದ ಮೇಲೆ ಸೋಂಕಿನ ಶಕ್ತಿ ಮುರಿಯುತ್ತದೆ. ಅಲ್ಲಿಯವರೆಗಿನ ಹಂತಕ್ಕೆ ಕೈಗವಸು, ಮುಖಗವಸು, ಸುರಕ್ಷಾ ಕವಾಟ, ಸರಿಯಾದ ತರಬೇತಿ ಬೇಕೇ ಬೇಕು. ಆದರೆ ರಕ್ತ ತೆಗೆಯುವ, ರಕ್ತಸಾರ ಬೇರ್ಪಡಿಸುವ ಸಿಬ್ಬಂದಿ ಈ ಅಪಾಯವನ್ನು ಈಗಲೂ ಎದುರಿಸುತ್ತಿಲ್ಲವೇ? ಜೀವಂತ ವೈರಾಣುವಿರುವ ಸೀಸೆಯನ್ನು ಘಟ್ಟದ ತಿರುವುಗಳಲ್ಲಿ ಗಂಟೆಗಟ್ಟಲೆ ಸಾಗಿಸುವುದು ಸುರಕ್ಷಿತ, ಇದ್ದಲ್ಲಿಯೇ ಒಡೆಯುವುದು ಅಪಾಯ ಎಂಬ ವಾದದಲ್ಲಿ ತರ್ಕವಿಲ್ಲ.

ಎರಡನೆಯ ಆಕ್ಷೇಪ: ಔಷಧವೇ ಇಲ್ಲದ ರೋಗವನ್ನು ಬೇಗ ಪತ್ತೆ ಹಚ್ಚಿ ಏನು ಪ್ರಯೋಜನ? ಹಳ್ಳಿಯ ಸಾವನ್ನು ಸಹಜವೆಂದು ಒಪ್ಪಿಕೊಂಡ ಮನಸ್ಸು ಮಾತ್ರ ಹೀಗೆ ಕೇಳಬಲ್ಲದು. ಮಂಗನ ಕಾಯಿಲೆಯೆಂದು ಮೊದಲ ದಿನವೇ ತಿಳಿದರೆ ರಕ್ತಸ್ರಾವವನ್ನು ಹೆಚ್ಚಿಸಬಲ್ಲ ಆಸ್ಪಿರಿನ್ನಿನಂತಹ ನೋವಿನ ಮಾತ್ರೆಗಳನ್ನು ತಪ್ಪಿಸಬಹುದು. ನೀರಿನಂಶ, ರಕ್ತದೊತ್ತಡ, ಪ್ಲೇಟ್‌ಲೆಟ್ಟುಗಳ ಮೇಲೆ ಕಣ್ಣಿಡಬಹುದು. ಸ್ಥಿತಿ ಬಿಗಡಾಯಿಸುವ ಮೊದಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಬಹುದು. ಜ್ವರ ಇಳಿದು ವಾರದ ನಂತರ ಮಿದುಳಿಗೆ ಸಂಬಂಧಿಸಿದ ಲಕ್ಷಣಗಳೊಡನೆ ಕೆಲವರಲ್ಲಿ ಮರಳುವ ಎರಡನೆಯ ಹಂತದ ಬಗ್ಗೆ ಮನೆಯವರನ್ನು ಎಚ್ಚರಿಸಬಹುದು. ಇಲ್ಲವೆಂದು ತಿಳಿದರೂ ಲಾಭವೇ. ಮಲೆನಾಡಿನ ಗದ್ದೆಯಲ್ಲಿ ಇಲಿಜ್ವರವಿದೆ, ಪೊದೆಯಂಚಿನಲ್ಲಿ ಸ್ಕ್ರಬ್ ಟೈಫಸ್ ಇದೆ. ಇವೆರಡಕ್ಕೂ ಅಗ್ಗದ, ಪರಿಣಾಮಕಾರಿಯಾದ ಜೀವನಿರೋಧಕಗಳಿವೆ. ‘ಮಂಗನ ಕಾಯಿಲೆ ಇರಬಹುದು, ವರದಿ ಬರಲಿ’ ಎಂದು ಕಾಯುವಾಗ ಗುಣವಾಗಬಲ್ಲ ರೋಗದಿಂದ ಒಬ್ಬ ಸತ್ತರೆ ಆ ಸಾವು ಯಾರ ಲೆಕ್ಕಕ್ಕೆ?

ಮೂರನೆಯದು ಸಂಖ್ಯೆಯ ವಾದ. ವರ್ಷಕ್ಕೆ ಕೆಲವೇ ನೂರು ರೋಗಿಗಳಿಗಾಗಿ ಇಷ್ಟು ಖರ್ಚೇ ಎಂಬುದು. ಯಂತ್ರ ಒಂದು ರೋಗದ್ದಲ್ಲ, ಚಿಪ್ಪು ಬದಲಿಸಿದರೆ ರೋಗ ಬದಲಾಗುತ್ತದೆ ಎಂಬುದನ್ನು ಈ ವಾದ ಮರೆಯುತ್ತದೆ. ಮಾದರಿ ಹದ ಮಾಡುವ ಪೆಟ್ಟಿಗೆ ವರ್ಷವಿಡೀ ಕ್ಷಯಕ್ಕೆ ದುಡಿಯಲಿ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಪಕ್ಕದಲ್ಲಿ ಮಂಗನ ಕಾಯಿಲೆಯ ಚಿಪ್ಪುಗಳ ಪೆಟ್ಟಿಗೆಯೊಂದು ಇರಲಿ. ಇದಕ್ಕೆ ಅಡ್ಡಿಯಾಗುವುದು ಹಣವಲ್ಲ, ಕಡತ. ಕ್ಷಯದ ಕಾರ್ಯಕ್ರಮ ಒಂದು ಶಾಖೆಯದು, ಉಣುಗು ಜ್ವರ ಇನ್ನೊಂದರದು, ಮಂಗದ ಶವ ಅರಣ್ಯ ಇಲಾಖೆಯದು, ದನದ ಮೈಮೇಲಿನ ಉಣುಗು ಪಶುಪಾಲನಾ ಇಲಾಖೆಯದು. ವೈರಾಣು ಮಾತ್ರ ಯಾವ ಇಲಾಖೆಯ ಗಡಿಯನ್ನೂ ಒಪ್ಪಿಕೊಂಡಿಲ್ಲ.

ಯಂತ್ರವೇ ದೇವರಲ್ಲ

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯ ಮಾತನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಯಂತ್ರ ಹಿಡಿಯುವುದು ರಕ್ತದಲ್ಲಿ ವೈರಾಣು ಇರುವಷ್ಟು ದಿನ, ಅಂದರೆ ಜ್ವರದ ಮೊದಲ ವಾರ, ಹತ್ತು ದಿನ. ತಡವಾಗಿ ಬಂದ ರೋಗಿಯಲ್ಲಿ ಅದು ‘ಇಲ್ಲ’ ಎಂದರೆ ರೋಗವಿಲ್ಲವೆಂದಲ್ಲ. ಅಲ್ಲಿ ಪ್ರತಿಕಾಯಗಳನ್ನು ಹುಡುಕುವ ಎಲೈಜಾ ಪರೀಕ್ಷೆ ಬೇಕು. ಅದಕ್ಕೆ ಶಿವಮೊಗ್ಗದ ಪ್ರಯೋಗಾಲಯವೇ ಸರಿ. ಹಳ್ಳಿಯ ಪೆಟ್ಟಿಗೆ ಜಿಲ್ಲೆಯ ಪ್ರಯೋಗಾಲಯಕ್ಕೆ ಮುಂಗಾವಲೇ ಹೊರತು ಪರ್ಯಾಯವಲ್ಲ. ಆಗಾಗ ಮಾದರಿಗಳನ್ನು ಎರಡೂ ಕಡೆ ಪರೀಕ್ಷಿಸಿ ತಾಳೆ ನೋಡದಿದ್ದರೆ ಯಂತ್ರದ ಮಾತನ್ನೂ ನಂಬಲಾಗದು.

ಪರಿಸರದ ಪ್ರಶ್ನೆಯೂ ಇದೆ. ಪ್ರತಿ ಪರೀಕ್ಷೆಗೆ ಒಂದು ಪ್ಲಾಸ್ಟಿಕ್ ಕಾರ್ಟ್ರಿಜ್, ಒಂದು ಚಿಪ್ಪು, ಕೆಲವು ಪಿಪೆಟ್ಟುಗಳು ಕಸವಾಗುತ್ತವೆ. ವೈರಾಣುವನ್ನು ಒಡೆಯುವ ಇಂತಹ ದ್ರಾವಣಗಳಲ್ಲಿ ಸಾಮಾನ್ಯವಾಗಿ ಗ್ವಾನಿಡಿನ್ ಲವಣಗಳಿರುತ್ತವೆ. ಅವುಗಳ ಮೇಲೆ ಬ್ಲೀಚಿಂಗ್ ದ್ರಾವಣ ಸುರಿದರೆ ವಿಷಾನಿಲ ಹೊಮ್ಮಬಹುದು. ಎಲ್ಲದಕ್ಕೂ ಬ್ಲೀಚಿಂಗ್ ಪುಡಿಯೇ ಮದ್ದೆಂದು ಬಗೆಯುವ ಆಸ್ಪತ್ರೆಗಳಲ್ಲಿ ಇದು ಸಣ್ಣ ವಿಷಯವಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಈ ಕಸ ಹಿನ್ನೀರಿನ ದಂಡೆಯ ಗುಂಡಿಗೆ ಬೀಳದೆ, ವಿಲೇವಾರಿ ಘಟಕವನ್ನು ತಲುಪಬೇಕು. ಯಂತ್ರ ಕೇಳುವವರು ಇದನ್ನೂ ಕೇಳದಿದ್ದರೆ ಮಾತಿಗೆ ತೂಕವಿರದು.

ಮತ್ತೊಂದು ಎಚ್ಚರ ಬೇಕಾದದ್ದು ಮಾರುಕಟ್ಟೆಯ ಬಗ್ಗೆ. ಒಂದು ಸಂಸ್ಥೆಯ ಯಂತ್ರಕ್ಕೆ ಅದೇ ಸಂಸ್ಥೆಯ ಚಿಪ್ಪು. ಹೈಬ್ರಿಡ್ ಬೀಜ ಕೊಂಡು ಪ್ರತಿ ವರ್ಷ ಅಂಗಡಿಯ ಬಾಗಿಲಿಗೆ ಹೋಗುವ ರೈತನಿಗೆ ಈ ವ್ಯವಸ್ಥೆ ಅರ್ಥವಾಗುತ್ತದೆ. ಸಾರ್ವಜನಿಕ ಹಣದ ನೆರವಿನಿಂದ ಬೆಳೆದ ತಂತ್ರಜ್ಞಾನಕ್ಕೆ, ಮಲೆನಾಡಿಗರ ರಕ್ತದಿಂದಲೇ ಪರಿಚಯವಾದ ವೈರಾಣುವಿನ ಪರೀಕ್ಷೆಗೆ, ದರ ಮತ್ತು ಪೂರೈಕೆಯ ಖಾತರಿಯನ್ನು ಸರ್ಕಾರ ಮೊದಲೇ ಬರೆಸಿಕೊಳ್ಳಬೇಕು. ಚಿಪ್ಪಿಲ್ಲದ ಯಂತ್ರ ನೀರಿಲ್ಲದ ಬೋರ್‌ವೆಲ್ಲಿನಂತೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಡು. ಈ ರೋಗದ ಬೇರು ಕಾಡಂಚಿನಲ್ಲಿದೆ, ರಕ್ತದಲ್ಲಿ ಕಾಣುವುದು ಅದರ ಫಲ. ಸಾಗರದಲ್ಲಿ ಕೆಲಸ ಮಾಡಿದ ಜಾರ್ಜ್ ಬೋಷೆಲ್ 1969ರಷ್ಟು ಹಿಂದೆಯೇ ಕಾಡು ಕಡಿಯುವುದಕ್ಕೂ, ದನಗಳ ಮೇವಿಗೂ, ಉಣುಗಿನ ಹೆಚ್ಚಳಕ್ಕೂ ಇರುವ ನಂಟನ್ನು ವಿವರಿಸಿದ್ದರು. ಮಳೆಗಾಲ ಮುಗಿದ ಮೇಲೆ ಮರಿ ಉಣುಗುಗಳು ದರಕಿನಲ್ಲಿ ತುಂಬುತ್ತವೆ. ಸೊಪ್ಪಿನ ಬೆಟ್ಟಕ್ಕೆ ಹೋದವರ, ದರಕು ಗುಡಿಸಿದವರ, ಸೌದೆ ತಂದವರ ಕಾಲಿಗೆ ಹತ್ತುತ್ತವೆ. ಅವರಲ್ಲಿ ಬಹುಪಾಲು ಕೂಲಿಕಾರರು, ಹೆಂಗಸರು. ಡೆಪಾ ತೈಲದ ಬಾಟಲಿ ಕೊಟ್ಟು ಕೈತೊಳೆದುಕೊಳ್ಳುವವರಿಗೆ ಹೊಸ ಯಂತ್ರವೊಂದು ಹೊಸ ನೆಪವಾಗಬಾರದು. ಪತ್ತೆ ಹಚ್ಚುವ ಶಕ್ತಿ ಬಂದೊಡನೆ ತಡೆಯುವ ಹೊಣೆ ಹೋಗದು.

ಆದರೂ ಯಂತ್ರ ಇಲ್ಲಿಯೂ ನೆರವಾಗಬಲ್ಲದು. ಮಂಗ ಸತ್ತ ಜಾಗದಿಂದ ತಂದ ಮಾದರಿಯ ಫಲಿತಾಂಶ ಅಂದೇ ತಿಳಿದರೆ, ಮರುದಿನ ಆ ಕಾಡಿಗೆ ದರಕಿಗೆ ಹೋಗಬೇಡಿ ಎಂದು ಊರಿಗೆ ಡಂಗುರ ಸಾರಬಹುದು. ವಾರದ ನಂತರ ತಿಳಿದರೆ ಅದು ಅಂಕಿಅಂಶ ಮಾತ್ರ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆಗೆ ಮುನ್ನ ಹೊಡೆಯುತ್ತಾರೆ, ಕಾಯಿ ಉದುರಿದ ಮೇಲಲ್ಲ. ಕೃಷಿಕನಿಗೆ ಗೊತ್ತಿರುವ ಈ ಕಾಲಜ್ಞಾನ ಆರೋಗ್ಯಾಡಳಿತಕ್ಕೆ ಏಕೆ ಅಪರಿಚಿತ?

ಬೇಡಿಕೆಗಳು ಸ್ಪಷ್ಟ

ಒಂದು: ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ರೋಗಪೀಡಿತ ವಲಯಗಳಲ್ಲಿ, ಮೊದಲಿಗೆ ಬ್ಯಾಕೋಡು–ತುಮರಿಯಂತಹ ದೂರದ ಸೀಮೆಗಳಲ್ಲಿ, ಮಾದರಿ ಹದ ಮಾಡುವ ಮತ್ತು ಪರೀಕ್ಷಿಸುವ ಯಂತ್ರಗಳನ್ನು ಪ್ರತಿ ಡಿಸೆಂಬರಿಗೆ ಮುನ್ನ ಸಜ್ಜಾಗಿಡಬೇಕು.

ಎರಡು: ತಾಲ್ಲೂಕು ಆಸ್ಪತ್ರೆಗಳಲ್ಲಿರುವ ಇದೇ ಬಗೆಯ ಯಂತ್ರಗಳಲ್ಲಿ ಮಂಗನ ಕಾಯಿಲೆಯ ಪರೀಕ್ಷೆಗೆ ಆದೇಶ, ಚಿಪ್ಪು ಮತ್ತು ತರಬೇತಿ ಮೂರನ್ನೂ ಒಟ್ಟಿಗೆ ಒದಗಿಸಬೇಕು.

ಮೂರು: ಪ್ರಯೋಗಾಲಯ ತಂತ್ರಜ್ಞರ ಹುದ್ದೆಗಳನ್ನು ಕಾಯಂ ತುಂಬಬೇಕು. ಯಂತ್ರ ಕೊಟ್ಟು ಕೈ ಕೊಡದಿರುವುದು ವಂಚನೆ.

ನಾಲ್ಕು: ಮಂಗದ ಸಾವಿನ ಮಾದರಿಗೂ ಮನುಷ್ಯನ ಮಾದರಿಗೂ ಒಂದೇ ವೇಗ ದೊರೆಯಬೇಕು. ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ, ರೋಗಿಯ ಹೆಸರಿಲ್ಲದೆ, ಅಂದೇ ಬರೆಯಬೇಕು.

ಐದು: ತ್ಯಾಜ್ಯ ಸಾಗಣೆಯ ವ್ಯವಸ್ಥೆಯಾಗದೆ ಯಾವ ಯಂತ್ರವನ್ನೂ ಉದ್ಘಾಟಿಸಬಾರದು.

ಇವುಗಳಲ್ಲಿ ಯಾವುದಕ್ಕೂ ಹೊಸ ಅಣೆಕಟ್ಟು ಬೇಡ, ಕಾಡಿನ ಒಂದು ಮರವೂ ಬೀಳಬೇಕಿಲ್ಲ, ಯಾವ ಊರೂ ಮುಳುಗಬೇಕಿಲ್ಲ. ಮಲೆನಾಡು ಅಭಿವೃದ್ಧಿಯ ವಿರೋಧಿ ಎಂದು ದೂರುವವರಿಗೆ ಇಗೋ ಮಲೆನಾಡು ತಾನಾಗಿ ಕೇಳುತ್ತಿರುವ ಅಭಿವೃದ್ಧಿ: ಒಂದು ಮೇಜು, ಎರಡು ಪೆಟ್ಟಿಗೆ, ಒಬ್ಬ ತಂತ್ರಜ್ಞ. ಇಷ್ಟನ್ನೂ ಕೊಡಲಾರದವರು ಶರಾವತಿಯ ಮೇಲೆ ಮತ್ತೊಂದು ಯೋಜನೆಯ ನಕ್ಷೆ ಹಿಡಿದು ಬಂದಾಗ, ಹಿನ್ನೀರಿನ ಜನ ಮೊದಲು ಈ ಹಳೆಯ ಬಾಕಿಯನ್ನು ಕೇಳಲಿ.